ಔಟ್‌ಬೋರ್ಡ್ ಎಂಜಿನ್‌ನಲ್ಲಿ ಪೆಟ್ರೋಲ್ ಸೋರಿಕೆ: ಮೊದಲು ಜಾಗ ಹುಡುಕಿ, ಆಮೇಲೆ ಬಿಚ್ಚಿ

ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್ ಎಂಜಿನ್‌ನ ಮೇಲ್ಮುಚ್ಚಳ ತೆಗೆದ ಕೂಡಲೇ ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಹೆಚ್ಚಿನವರ ಕೈ ನೇರ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಮೇಲೆ ಹೋಗುತ್ತದೆ. ಅದನ್ನು ಬಿಚ್ಚುವುದು ಕೊನೆಯ ಕೆಲಸ. ಪೆಟ್ರೋಲ್ ಪೈಪಿನ ಹೊರಮೈ ಹಿಡಿದು ಜಾರಿ ಬಂದು, ಎಲ್ಲಕ್ಕಿಂತ ತಗ್ಗಾದ ಕಡೆ ತೊಟ್ಟಿಕ್ಕುತ್ತದೆ. ಹನಿ ಬೀಳುವ ಜಾಗವೇ ಸೋರುವ ಜಾಗ ಎಂದು ನಂಬಿದರೆ ಒಳ್ಳೆಯ ಭಾಗವನ್ನು ಬದಲಿಸಿ ಕೆಟ್ಟದ್ದನ್ನು ಹಾಗೇ ಬಿಟ್ಟಿರುತ್ತೀರಿ.

ಕೆಲಸ ಬಯಲಲ್ಲೇ ಆಗಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ. ಗಾಳಿಯಲ್ಲಿ ಸುಮಾರು 1.4 ಶೇಕಡಾ ಬೆರೆತರೂ ಒಂದು ಕಿಡಿ ಸಾಕು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಸುರಕ್ಷತಾ ಸ್ವಿಚ್ಚಿನ ಕ್ಲಿಪ್ ತೆಗೆದಿಡಿ. ಪೆಟ್ರೋಲ್ ಬೆಂಕಿಗೆ ಆಗುವ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ. ಎಂಜಿನ್ ತಣ್ಣಗಾಗಿರಬೇಕು.

ಸೋರಿಕೆ ಎಂದು ಕಂಡದ್ದು ಎಷ್ಟೋ ಸಲ ಸೋರಿಕೆಯೇ ಆಗಿರುವುದಿಲ್ಲ. ಬಿಡಿ ಟ್ಯಾಂಕನ್ನು ಗಾಳಿಕಿಂಡಿ ಮುಚ್ಚಿ, ಪೈಪ್ ಎಂಜಿನ್‌ಗೆ ಜೋಡಿಸಿದಂತೆಯೇ ಬಿಸಿಲಲ್ಲಿಟ್ಟರೆ ಒಳಗಿನ ಆವಿ ಹಿಗ್ಗಿ ಪೆಟ್ರೋಲನ್ನು ಎಂಜಿನ್ ಕಡೆ ತಳ್ಳುತ್ತದೆ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ಸೂಜಿಯಂಥ ನೀಡಲ್ ವಾಲ್ವ್ ತಡೆಯುವುದು ಅಲ್ಪ ಒತ್ತಡವನ್ನು ಮಾತ್ರ. ಅದು ಸೋತಾಗ ಪೆಟ್ರೋಲ್ ಗಾಳಿ ಎಳೆಯುವ ಬಾಯಿಂದ ಹೊರಗೆ ಬರುತ್ತದೆ. ಟ್ಯಾಂಕ್ ಉಬ್ಬಿದ್ದರೆ ಇದೇ ಕಾರಣ. ಇದಕ್ಕೆ ಸ್ಪ್ಯಾನರ್ ಬೇಕಿಲ್ಲ, ನಿಲ್ಲಿಸಿದ ಮೇಲೆ ಎಂಜಿನ್ ಕಡೆಯ ಕನೆಕ್ಟರ್ ಕಳಚಿಟ್ಟರೆ ಸಾಕು.

ಇನ್ನು ನಿಜವಾದ ಪರೀಕ್ಷೆ. ಎಂಜಿನ್ ಓಡುವಾಗ ಟ್ಯಾಂಕಿನಿಂದ ಪಂಪ್‌ವರೆಗಿನ ಪೈಪಿನಲ್ಲಿ ಇರುವುದು ಎಳೆತ, ಒತ್ತಡವಲ್ಲ. ಆಗ ಬಿರುಕಿನಿಂದ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ, ವೇಗ ಹೆಚ್ಚಿಸಿದರೆ ಎಂಜಿನ್ ಮುಗ್ಗರಿಸುತ್ತದೆ. ಹಾಗಾಗಿ ನಿಂತ ಎಂಜಿನ್‌ನಲ್ಲಿ ಒತ್ತಡ ಕೊಟ್ಟೇ ನೋಡಬೇಕು. ಎಲ್ಲ ಜೋಡಣೆಗಳನ್ನೂ ಒರೆಸಿ ಒಣಗಿಸಿ, ಪ್ರತಿಯೊಂದಕ್ಕೂ ಬಿಳಿ ಟಿಶ್ಯೂ ಕಾಗದದ ಪಟ್ಟಿ ಸುತ್ತಿ. ಟ್ಯಾಂಕಿನ ಗಾಳಿಕಿಂಡಿ ತೆರೆದು, ಪ್ರೈಮರ್ ಬಲ್ಬನ್ನು (ಪೈಪಿನ ನಡುವಿನ, ಕೈಯಲ್ಲಿ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಉಂಡೆ) ಬಾಣದ ಗುರುತು ಮೇಲ್ಮುಖವಾಗಿ ಹಿಡಿದು ಗಟ್ಟಿಯಾಗುವವರೆಗೆ ಒತ್ತಿ. ಹತ್ತು ನಿಮಿಷ ಕಾಯಿರಿ. ಮೊದಲು ಒದ್ದೆಯಾದ ಕಾಗದವೇ ಉತ್ತರ.

ಬಲ್ಬ್ ಗಟ್ಟಿಯಾಗುವುದೇ ಇಲ್ಲ, ಹೊರಗೆಲ್ಲೂ ಒದ್ದೆಯೂ ಇಲ್ಲ ಎಂದಾದರೆ ಪೆಟ್ರೋಲ್ ಟ್ಯಾಂಕಿಗೇ ವಾಪಸಾಗುತ್ತಿರಬಹುದು. ಬಲ್ಬ್ ತುಂಬಿರುವಾಗ ಟ್ಯಾಂಕಿನ ಕಡೆಯ ಪೈಪನ್ನು ಹಿಸುಕಿ ಹಿಡಿದು ಒತ್ತಿ ನೋಡಿ. ಈಗ ಗಟ್ಟಿಯಾದರೆ ಬಲ್ಬಿನ ಒಳಬರುವ ವಾಲ್ವ್ ಹೋಗಿದೆ, ಬಲ್ಬನ್ನೇ ಬದಲಿಸಿ. ಆಗಲೂ ಮೆತ್ತಗಿದ್ದರೆ ಪೆಟ್ರೋಲ್ ನೀಡಲ್ ದಾಟಿ ಕಾರ್ಬ್ಯುರೇಟರ್‌ಗೋ, ಪಂಪಿನ ಹರಿದ ಡಯಾಫ್ರಮ್ (ತೆಳು ಪೊರೆ) ಮೂಲಕ ಎಂಜಿನ್ ಒಳಕ್ಕೋ ಹೋಗುತ್ತಿದೆ.

ಪೈಪನ್ನು ಬಗ್ಗಿಸಿ ನೋಡಿ. ಬಾಗಿದ ಕಡೆ ಸಣ್ಣ ಬಿರುಕು ಕಂಡರೆ ತುದಿ ಕತ್ತರಿಸಿ ಮತ್ತೆ ಸಿಕ್ಕಿಸುವ ಉಳಿತಾಯ ಬೇಡ, ಪೂರ್ತಿ ಬದಲಿಸಿ. ಹಳೆಯದನ್ನು ಜಗ್ಗಿ ಎಳೆದರೆ ಫಿಲ್ಟರಿನ, ಪಂಪಿನ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ಮೂತಿಗೆ ಗೀರು ಬೀಳದಂತೆ. ಹೊಸ ಪೈಪಿನ ಮೇಲೆ ಐಎಸ್‌ಒ 7840 ಅಥವಾ ಬಿ1-15 ಎಂಬ ಗುರುತಿರಲಿ (ದೋಣಿಯ ಇಂಧನ ಪೈಪಿನ ಮಾನದಂಡಗಳಿವು). ಒಳವ್ಯಾಸ ಹಳೆಯದರಷ್ಟೇ ಇರಬೇಕು, ಸಾಮಾನ್ಯವಾಗಿ ಅದು 8 ಅಥವಾ 10 ಮಿ.ಮೀ. ಕಿರಿದಾದರೆ ಪೂರ್ಣ ವೇಗದಲ್ಲಿ ಎಂಜಿನ್‌ಗೆ ಪೆಟ್ರೋಲ್ ಸಾಲದು. ನೋಡಲು ಚಂದ ಎಂದು ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಹಾಕುವವರಿದ್ದಾರೆ, ಅದು ಬೇಗ ಕಲ್ಲಿನಂತಾಗಿ ಸಡಿಲುತ್ತದೆ. ಕ್ಲಾಂಪ್ ಸ್ಟೇನ್‌ಲೆಸ್ ಆಗಿದ್ದು ಒಳಮೈ ನುಣುಪಾಗಿರಲಿ. ಸೀಳುಗಳಿರುವ ಅಗ್ಗದ ಸ್ಕ್ರೂ ಕ್ಲಾಂಪ್ ಬಿಗಿದಷ್ಟೂ ರಬ್ಬರನ್ನು ಕೊಯ್ಯುತ್ತದೆ. ಸಿಲಿಕೋನ್ ಸೀಲೆಂಟ್ ಅಂತೂ ಪೆಟ್ರೋಲಿಗೆ ನಿಲ್ಲುವುದಿಲ್ಲ. ಥ್ರೆಡ್‌ಗೆ ಸುತ್ತುವ ಟೇಪ್ ಕೂಡ ಬೇಡ, ಅದರ ಚೂರು ಹೋಗಿ ನೀಡಲ್ ಕೆಳಗೆ ಸಿಕ್ಕಿಕೊಂಡರೆ ಹೊಸ ಸೋರಿಕೆ ನೀವೇ ತಂದಂತೆ.

ಕನೆಕ್ಟರ್ ಒಳಗಿನ ಓ-ರಿಂಗ್ ಚಪ್ಪಟೆಯಾಗಿದ್ದರೆ ಪೆಟ್ರೋಲಿಗೆ ತಡೆಯುವ ರಬ್ಬರುಗಳಾದ ನೈಟ್ರೈಲ್ ಅಥವಾ ವಿಟಾನ್‌ನದೇ ಹಾಕಿ. ನೀರಿನ ನಲ್ಲಿಗೆ ಬರುವ ಇಪಿಡಿಎಂ ರಬ್ಬರಿನ ರಿಂಗ್ ಅಳತೆಗೆ ಸರಿಹೊಂದಿದರೂ ಪೆಟ್ರೋಲಿನಲ್ಲಿ ಊದಿಕೊಳ್ಳುತ್ತದೆ. ಫಿಲ್ಟರ್ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಗಿ ಮಾಡಿ, ಇಕ್ಕಳ ಬೇಡ.

ಪಂಪ್ ಬಿಚ್ಚುವಾಗ ಪದರಗಳ ಫೋಟೋ ತೆಗೆಯುತ್ತಾ ಹೋಗಿ. ಗ್ಯಾಸ್ಕೆಟ್, ಡಯಾಫ್ರಮ್‌ಗಳ ಕ್ರಮ ತಪ್ಪಿದರೆ ಪಂಪ್ ಎತ್ತುವುದಿಲ್ಲ. ಡಯಾಫ್ರಮನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ. ಫೋರ್‌ಸ್ಟ್ರೋಕ್ ಆಗಿದ್ದರೆ ಆಯಿಲ್ ಕಡ್ಡಿಯನ್ನೂ ನೋಡಿ. ಮಟ್ಟ ಗುರುತಿಗಿಂತ ಮೇಲಿದ್ದು ಪೆಟ್ರೋಲ್ ನಾತ ಹೊಡೆದರೆ ಪಂಪ್ ಸರಿಮಾಡಿ ಆಯಿಲನ್ನೂ ಬದಲಿಸದೆ ಸ್ಟಾರ್ಟ್ ಮಾಡಬೇಡಿ. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ.

ಕಾರ್ಬ್ಯುರೇಟರ್ ತೆರೆಯುವ ಮುನ್ನವೇ ಅದರ ಬೌಲಿಗೆ (ಪೆಟ್ರೋಲ್ ನಿಲ್ಲುವ ಕೆಳಗಿನ ಬಟ್ಟಲು) ಹೊಸ ಗ್ಯಾಸ್ಕೆಟ್ ತಂದಿಟ್ಟುಕೊಳ್ಳಿ. ಪೆಟ್ರೋಲ್ ಕುಡಿದು ಹಿಗ್ಗಿದ ಹಳೆಯ ರಬ್ಬರ್ ಅದರ ಕಾಲುವೆಯಲ್ಲಿ ಮತ್ತೆ ಕೂರುವುದಿಲ್ಲ. ಡ್ರೈನ್ ಸ್ಕ್ರೂ ಸಡಿಲಿಸಿ ಡಬ್ಬಿಗೆ ಪೆಟ್ರೋಲ್ ಇಳಿಸಿ, ಬೌಲ್ ತೆಗೆದು, ಪೆಟ್ರೋಲ್ ಮೇಲೆ ತೇಲುವ ಫ್ಲೋಟಿನ ಪಿನ್ ಹೊರಗೆ ತಳ್ಳಿ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಕುಲುಕಿದರೆ ತೂತಾಗಿದೆ, ತೇಲದ ಫ್ಲೋಟ್ ನೀಡಲನ್ನು ಮುಚ್ಚುವುದಿಲ್ಲ. ನೀಡಲ್ ತುದಿಯ ಸುತ್ತ ಉಂಗುರದಂಥ ಗೀರು ಕಂಡರೆ ಬದಲಿಸಿ. ಹಳೆಯ ಪೆಟ್ರೋಲಿನ ಅಂಟು ಮಾತ್ರ ಇದ್ದರೆ ಕಾರ್ಬ್ ಕ್ಲೀನರ್ ಹಾಕಿ, ನೀಡಲ್ ಕೂರುವ ಸೀಟನ್ನು ಹತ್ತಿಯ ಕಡ್ಡಿಯಿಂದ ಒರೆಸಿ. ತಂತಿ ಹಾಕಿ ಕೆರೆದರೆ ಆ ಸೀಟ್ ಮತ್ತೆ ಮುಚ್ಚಿಕೊಳ್ಳದು. ಕಾರ್ಬ್ಯುರೇಟರನ್ನು ತಲೆಕೆಳಗಾಗಿ ಹಿಡಿದಾಗ ಬಹುತೇಕ ಮಾದರಿಗಳಲ್ಲಿ ಫ್ಲೋಟ್ ಬೌಲಿನ ಅಂಚಿಗೆ ಸಮಾನಾಂತರವಾಗಿ ನಿಲ್ಲುತ್ತದೆ. ಸರಿಯಾದ ಅಳತೆ ಎಂಜಿನ್‌ನ ಕೈಪಿಡಿಯಲ್ಲಿರುತ್ತದೆ. ಬೌಲ್ ಸ್ಕ್ರೂಗಳು ಕೂರುವುದು ಅಲ್ಯೂಮಿನಿಯಂನಲ್ಲಿ, ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಇದೆಲ್ಲ ಕಾರ್ಬ್ಯುರೇಟರ್ ಎಂಜಿನ್‌ಗಳ ಮಾತು. ಫ್ಯುಯೆಲ್ ಇಂಜೆಕ್ಷನ್ ಇರುವಲ್ಲಿ ಹೈ ಪ್ರೆಷರ್ ಪಂಪಿನ ಮುಂದಿನ ಪೈಪ್ ಎಂಜಿನ್ ನಿಂತ ಮೇಲೂ ಒತ್ತಡದಲ್ಲಿರುತ್ತದೆ, ಬಿಚ್ಚಿದರೆ ಮುಖಕ್ಕೇ ಚಿಮ್ಮುತ್ತದೆ. ಒತ್ತಡ ಇಳಿಸುವ ಕ್ರಮ ತಿಳಿಯದಿದ್ದರೆ ಅಲ್ಲಿಗೆ ಕೈ ಹಾಕಬೇಡಿ.

ಜೋಡಿಸಿ ಮುಗಿದ ಮೇಲೆ ಮತ್ತೆ ಬಲ್ಬ್ ಒತ್ತಿ, ಮತ್ತೆ ಕಾಗದ ಸುತ್ತಿ, ಹತ್ತು ನಿಮಿಷ. ಒಣಗಿದ್ದರೆ, ಚೆಲ್ಲಿದ್ದನ್ನು ಬಟ್ಟೆಯಲ್ಲಿ ಹೀರಿಸಿ (ನೀರಿಗೆ ತೊಳೆದು ಬಿಡಬೇಡಿ), ಆವಿ ಪೂರ್ತಿ ಹಾರಿದ ಮೇಲೆ ಬ್ಯಾಟರಿ ಜೋಡಿಸಿ. ಎಂಜಿನ್‌ಗೆ ತಂಪು ನೀರು ಹರಿಯುವಂತೆ ಮಾಡಿ, ಮುಚ್ಚಳ ಹಾಕದೆ ಐದು ನಿಮಿಷ ನಿಧಾನ ವೇಗದಲ್ಲಿ ಓಡಿಸಿ. ತಿರುಗುವ ಫ್ಲೈವೀಲ್‌ನಿಂದ ಕೈ, ಬಟ್ಟೆ ದೂರವಿರಲಿ. ಮರುದಿನ ಮುಚ್ಚಳ ತೆಗೆದು ಇನ್ನೊಮ್ಮೆ ಮೂಸಿ ನೋಡಿ. ನೀಡಲ್ ಸ್ವಲ್ಪವೇ ಬಿಡುತ್ತಿದ್ದರೆ ಅದು ಗೊತ್ತಾಗುವುದು ರಾತ್ರಿಯಿಡೀ ನಿಂತ ಮೇಲೆಯೇ.