ಹಲ್ಲು ಹಾಕದೆ ಕಳಿಸಿದ ದಿನ

ಶಿರಸಿಯ ಜುಲೈ ಮಳೆಯಲ್ಲಿ ಹತ್ತೊಂಬತ್ತರ ಹುಡುಗಿ ತಾಯಿಯ ಜೊತೆ ಸಿದ್ದಾಪುರ ಕಡೆಯಿಂದ ಮೊದಲ ಬಸ್ಸಿಗೇ ಇಂಪ್ಲಾಂಟ್ ಹಾಕಿಸಿಕೊಳ್ಳಲು ಬಂದಿದ್ದಳು. ಬೇರಿನ ಬದಲಿಗೆ ದವಡೆಯ ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ತಿರುಪೇ ಇಂಪ್ಲಾಂಟ್, ಅದರ ಮೇಲೆ ಕೃತಕ ಹಲ್ಲು ಬರುತ್ತದೆ. ಮೇಲ್ದವಡೆಯ ಮುಂದಿನ ಎರಡು ದೊಡ್ಡ ಹಲ್ಲುಗಳ ಆಚೀಚೆಯವು ಅವಳಿಗೆ ಹುಟ್ಟಲೇ ಇಲ್ಲ. ಹಾಲುಹಲ್ಲಿನ ಹಿಂದೆ ಬರಬೇಕಾದ ಮೊಳಕೆಯೇ ದವಡೆಯೊಳಗೆ ಇರಲಿಲ್ಲ. ಇದು ಹೆಚ್ಚಾಗಿ ಮನೆತನದಲ್ಲಿ ಬರುವುದು. ತಾಯಿಯ ಬಾಯಲ್ಲೂ ಅದೇ ಜಾಗದ ಒಂದು ಹಲ್ಲು ಮೊಳೆಯ ಹಾಗೆ ಸಣ್ಣಗೆ, ಚೂಪಾಗಿತ್ತು.

"ಹತ್ತನೇ ಕ್ಲಾಸಲ್ಲಿದ್ದಾಗ್ಲೇ ಹಾಕೂಕೆ ಆಗ್ತಿರ್ಲಿಲ್ವಾ ಡಾಕ್ಟ್ರೇ?"

ಆಗುತ್ತಿರಲಿಲ್ಲ. ಹಲ್ಲಿನ ಬೇರಿನ ಸುತ್ತ ನಾರಿನ ಪದರವಿರುತ್ತದೆ. ಇಂಪ್ಲಾಂಟಿಗೆ ಅದಿಲ್ಲ, ಅದು ಮೂಳೆಗೇ ಬೆಸೆದು ನಿಲ್ಲುತ್ತದೆ. ದವಡೆ ಬೆಳೆದಂತೆ ಪಕ್ಕದ ಹಲ್ಲುಗಳು ಕೆಳಗಿಳಿದರೂ ಇಂಪ್ಲಾಂಟ್ ಇದ್ದಲ್ಲೇ ಉಳಿದು, ಅದರ ಮೇಲೆ ಕೂರಿಸಿದ ಹಲ್ಲು ಗಿಡ್ಡಾಗಿ ಕಾಣತೊಡಗುತ್ತದೆ. ವಯಸ್ಸು ಕೇಳಿದರೆ ಸಾಲದು. ವರ್ಷದ ಅಂತರದಲ್ಲಿ ತೆಗೆದ ಮುಖದ ಎರಡು ಪಕ್ಕ-ಎಕ್ಸ್‌ರೇಗಳನ್ನು ಒಂದರ ಮೇಲೊಂದಿಟ್ಟು, ಬೆಳವಣಿಗೆ ನಿಂತಿದೆ ಎಂದು ಖಾತ್ರಿಯಾದ ಮೇಲೆಯೇ ದಿನ ಗೊತ್ತು ಮಾಡಿದ್ದು.

ಕ್ಲಿಪ್ ಹಾಕಿ ಎರಡೂ ಕಡೆ 6.5 ಮಿ.ಮೀ. ಜಾಗ ಬಿಡಿಸಿಯಾಗಿತ್ತು. ಕನ್ನಡಿಯಲ್ಲಿ ಎಲ್ಲ ಸರಿಯೇ. ಹುಬ್ಬಳ್ಳಿಯಲ್ಲಿ ಮಾಡಿಸಿ ತಂದ ಸ್ಕ್ಯಾನ್ ತೆರೆದರೆ ಬೇರಿನ ತುದಿಗಳು ಒಂದಕ್ಕೊಂದು ವಾಲಿಕೊಂಡಿದ್ದವು: ಬಲಗಡೆ ನಡುವೆ 4 ಮಿ.ಮೀ., ಎಡಗಡೆ 4.5. ತಂತಿ ಎಳೆದಾಗ ಹಲ್ಲಿನ ತಲೆ ಬೇಗ ಸರಿಯುತ್ತದೆ, ಬೇರು ಹಿಂದೆ ಉಳಿಯುತ್ತದೆ. 3.3 ಮಿ.ಮೀ.ನ ಸಪೂರ ಇಂಪ್ಲಾಂಟಿಗೂ ಆಚೀಚೆ ತಲಾ 1.5 ಮಿ.ಮೀ. ಬಿಡಬೇಕು. ಒಟ್ಟು 6.3. ಅಂದು ಕೊರೆದಿದ್ದರೆ ಡ್ರಿಲ್ ಒಳ್ಳೆಯ ಕೋರೆಹಲ್ಲಿನ ಬೇರಿಗೇ ತಾಗುತ್ತಿತ್ತು.

ಮೂಳೆಯ ಅಗಲವೂ 4.5 ಮಿ.ಮೀ. ಅಷ್ಟೇ, ಹಲ್ಲೇ ಹುಟ್ಟದ ಕಡೆ ಮೂಳೆಯೂ ತುಂಬಿ ಬೆಳೆಯುವುದಿಲ್ಲ. ಅದಕ್ಕೆ ದಾರಿಯಿದೆ: ಇಂಪ್ಲಾಂಟ್ ಕೂರಿಸುವಾಗಲೇ ತುಟಿಯ ಕಡೆಗೆ ಮೂಳೆಪುಡಿ ತುಂಬಿ, ಮೇಲೆ ಕೊಲಾಜನ್ ಹಾಳೆ ಮುಚ್ಚಿ ಹೊಲಿಯುವುದು. ಬೇರನ್ನು ಮಾತ್ರ ಕ್ಲಿಪ್ಪೇ ಸರಿಪಡಿಸಬೇಕು. ಹಲ್ಲಿಗೆ ತಂತಿ ಹಿಡಿಸುವ ಪುಟ್ಟ ಬ್ರ್ಯಾಕೆಟ್‌ಗಳನ್ನು ಓರೆಯಾಗಿ ಮತ್ತೆ ಅಂಟಿಸಿ, ಇನ್ನೂ ಆರೇಳು ತಿಂಗಳು.

ತಾಯಿಯ ಮುಖ ಬಾಡಿತು. ಡಿಸೆಂಬರಿನಲ್ಲಿ ಹುಡುಗಿಯ ಅಕ್ಕನ ಮದುವೆ. 1965ರಲ್ಲಿ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಮೊದಲ ಟೈಟಾನಿಯಂ ಇಂಪ್ಲಾಂಟ್ ಹಾಕಿದ್ದೂ ಹುಟ್ಟಿನಿಂದಲೇ ದವಡೆಯ ದೋಷವಿದ್ದ ಒಬ್ಬ ರೋಗಿಗೆ. 2006ರಲ್ಲಿ ಆ ರೋಗಿ ತೀರಿಕೊಳ್ಳುವವರೆಗೂ ಅವು ಬಾಯಲ್ಲಿ ಗಟ್ಟಿಯಾಗಿದ್ದವು. ಅಷ್ಟು ವರ್ಷ ಇರಬೇಕಾದದ್ದನ್ನು ಮದುವೆಯ ದಿನಕ್ಕೆ ಹೊಂದಿಸಿ ಹಾಕಬಾರದು ಎಂದು ಬಿಡಿಸಿ ಹೇಳಿದ ಮೇಲೆ ತಾಯಿ ಒಪ್ಪಿದರು.

ಬರಿಗೈಯಲ್ಲಿ ಕಳಿಸಲಿಲ್ಲ. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದುವ ಎರಡು ಅಕ್ರಿಲಿಕ್ ಹಲ್ಲು ಆರಿಸಿ, ಬೆನ್ನು ತೇಯ್ದು ಜಾಗಕ್ಕೆ ಕೂರಿಸಿ, ಅವುಗಳ ಮುಂಭಾಗಕ್ಕೆ ಬ್ರ್ಯಾಕೆಟ್ ಅಂಟಿಸಿ ತಂತಿಗೆ ಕಟ್ಟಿದೆವು. ಒಸಡಿನಿಂದ ಅರ್ಧ ಮಿಲಿಮೀಟರ್ ಅಂತರ ಬಿಟ್ಟೇ ಕಟ್ಟಬೇಕು. ತಾಗಿದರೆ ಊದಿ, ರಕ್ತ ಬರುತ್ತದೆ. ಅವು ನೋಟಕ್ಕಷ್ಟೇ, ಚಕ್ಕುಲಿ ಕಚ್ಚುವ ಹಾಗಿಲ್ಲ. ಬೇರು ಎಷ್ಟು ತಿರುಗಿದೆ ಎಂದು ನೋಡಲು ಮುಂದಿನ ಸಣ್ಣ ಎಕ್ಸ್‌ರೇ ಎಂಟು ವಾರಕ್ಕೆ ಬರೆದುಕೊಟ್ಟೆವು.