ಹಳೇ ಮನೆಗೆ ಜೆಸಿಬಿ ತರಿಸುವ ಮೊದಲು

ಉಡುಪಿಯಲ್ಲಿ ಪ್ಲಾನ್ ಪಾಸ್ ಮಾಡಿಸುವ ಕೆಲಸ ನನ್ನದು. ಸಿಂಗಲ್ ಸೈಟ್ ಅನುಮೋದನೆ, 9/11 (ಪಂಚಾಯತ್ ಕೊಡುವ ಆಸ್ತಿ ನಮೂನೆಗಳು), ಕಟ್ಟಡ ಲೈಸನ್ಸ್, ಇದೇ ದಿನವಿಡೀ. ಬಂದವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಕನ್ವರ್ಷನ್ ಆಗಿದೆ ಮೇಡಂ, ಇನ್ನೇನೂ ತೊಂದರೆ ಇಲ್ಲ." ಕನ್ವರ್ಷನ್ ಅಂದರೆ ಕೃಷಿ ಜಾಗವನ್ನು ಮನೆಯಂಥ ಬೇರೆ ಬಳಕೆಗೆ ಬದಲಿಸುವ ಆದೇಶ. ಈಗ ಆ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ.

ದುಬೈಯಲ್ಲಿ ದುಡಿದು ಊರಿಗೆ ಮರಳಿದವರೊಬ್ಬರು ಸ್ವರ್ಣಾ ನದಿಯ ಬದಿಯಲ್ಲಿ ಜಾಗ ತೆಗೆದುಕೊಂಡಿದ್ದರು. ಹಳೇ ಕನ್ವರ್ಷನ್ ಆರ್ಡರ್ ಇತ್ತು, 11ಇ ನಕ್ಷೆ (ಜಾಗ ಅಳೆದು ಮಾಡಿದ ಸರ್ವೆ ನಕ್ಷೆ) ಇತ್ತು, ಕ್ರಯಪತ್ರದಲ್ಲೂ ತಪ್ಪಿರಲಿಲ್ಲ. ಜಾಗದಲ್ಲಿ ಒಂದು ಹಂಚಿನ ಮನೆ ಇತ್ತಂತೆ. ನಮ್ಮ ಆಫೀಸಿಗೆ ಬರುವ ಮೊದಲೇ ಜೆಸಿಬಿ ತರಿಸಿ ಅದನ್ನು ತೆಗೆಸಿಬಿಟ್ಟಿದ್ದರು.

ಫೈಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಭಿಪ್ರಾಯ ಬೇಕು ಅಂತ ನಿಂತಿತು. ಸುಮ್ನೆ ಎಳೀತಿದ್ದಾರೆ ಅಂತ ನಮ್ಮಲ್ಲಿ ಎಲ್ಲರಿಗೂ ಅನಿಸಿತ್ತು. ಜಾಗದವರನ್ನೂ ಕರೆದುಕೊಂಡು ವಿಚಾರಿಸಲು ಆಫೀಸಿಗೆ ಹೋದೆ.

ಕೇಸ್ ವರ್ಕರ್ ಕಂಪ್ಯೂಟರಿನಲ್ಲಿ ಕರಾವಳಿ ವಲಯದ ನಕ್ಷೆ ತೆಗೆದು, ಅದರ ಮೇಲೆ ನಮ್ಮ ಸೈಟ್ ಕೂರಿಸಿದರು. ಉಬ್ಬರದ ಗೆರೆ ಒಂದು, ಅದರಿಂದ ನೆಲದ ಕಡೆಗೆ 50 ಮೀಟರ್ ದೂರದಲ್ಲಿ ಇನ್ನೊಂದು. ಆ ಎರಡನೇ ಗೆರೆ ನಾವು ಬರೆದ ಮನೆಯನ್ನು ಪೂರಾ ದಾಟಿ, ರಸ್ತೆಯ ಹತ್ತಿರ ಹೋಗಿ ನಿಂತಿತು. "ಮಳೆಗಾಲದಲ್ಲೂ ನೀರು ಇಷ್ಟು ಮೇಲೆ ಬರುವುದಿಲ್ಲ ಮಾರಾಯ್ರೇ," ಅಂದರು ಜಾಗದವರು. ನೀರು ಎಲ್ಲಿವರೆಗೆ ಬರುತ್ತದೆ ಅಂತ ನಾವು ನೋಡಿದ್ದು ಅಲ್ಲಿ ಲೆಕ್ಕಕ್ಕಿಲ್ಲ, ಚೆನ್ನೈನ ರಾಷ್ಟ್ರೀಯ ಸಂಸ್ಥೆ ಗುರುತಿಸಿದ ಗೆರೆಯೇ ಅಂತಿಮ.

ಆಮೇಲೆ ಕೇಸ್ ವರ್ಕರ್ ಮೆಲ್ಲಗೆ ಕೇಳಿದರು, "ಹಳೇ ಮನೆ ಏನಾದ್ರೂ ಇತ್ತಾ?"

"ಇತ್ತು ಸರ್, ತೆಗ್ಸಿದೆ."

"ಡೋರ್ ನಂಬರ್? ತೆರಿಗೆ ರಶೀದಿ? ಒಂದು ಫೋಟೋ ಆದ್ರೂ?"

ಇವರು ನನ್ನ ಮುಖ ನೋಡಿದರು. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಆ ಕೆಲವು ನಿಮಿಷ ಇನ್ನೂ ಚುಚ್ಚುತ್ತದೆ, ಯಾಕೆಂದರೆ ಕೇಳಿದ್ದರ ಅರ್ಥ ನನಗೆ ತಕ್ಷಣ ಗೊತ್ತಾಯಿತು, ಜಾಗದವರಿಗೆ ನಾನೇ ಬಿಡಿಸಿ ಹೇಳಬೇಕಾಯಿತು. ಪಂಚಾಯತ್ ಪ್ರದೇಶದಲ್ಲಿ ಆ ಎರಡು ಗೆರೆಗಳ ನಡುವಿನ ನಿಷೇಧಿತ ವಲಯದಲ್ಲಿ ಹೊಸ ಮನೆಗೆ ಅವಕಾಶ ಇಲ್ಲ. ಆದರೆ ಕ್ರಮಬದ್ಧವಾಗಿ ಕಟ್ಟಿದ ಹಳೇ ಮನೆ ಇದ್ದರೆ, ಅದರ ಪ್ಲಿಂತ್ ಏರಿಯಾ (ಮನೆ ಕೂತ ನೆಲದ ವಿಸ್ತೀರ್ಣ) ಮೀರದಂತೆ ಮತ್ತೆ ಕಟ್ಟಿಕೊಳ್ಳಬಹುದು. ಉಳಿದಿದ್ದ ದಾರಿ ಅದೊಂದೇ. ಅದನ್ನು ಜೆಸಿಬಿ ಎತ್ತಿಕೊಂಡು ಹೋಗಿತ್ತು.

ಜನರಿಗೆ ಗೊಂದಲ ಆಗುವುದರಲ್ಲಿ ಆಶ್ಚರ್ಯ ಇಲ್ಲ. ಕನ್ವರ್ಷನ್ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್‌ನಲ್ಲಿ ಜಿಲ್ಲಾಧಿಕಾರಿ ಕೊಡುವುದು. ಮಾಸ್ಟರ್ ಪ್ಲಾನ್, ಝೋನಿಂಗ್ (ಯಾವ ಜಾಗ ಯಾವ ಬಳಕೆಗೆ ಅನ್ನುವುದು), ವಿನ್ಯಾಸ ಅನುಮೋದನೆ ಎಲ್ಲ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯದ್ದು, ಅದು ಯೋಜನಾ ಪ್ರಾಧಿಕಾರದ ಕೆಲಸ. ಸಿಆರ್‌ಝಡ್ ಬೇರೆಯೇ, ಕೇಂದ್ರದ್ದು: ಮೊದಲು 1991ರಲ್ಲಿ ಬಂತು, ಈಗಿನದು 2019ರದ್ದು. ಸಮುದ್ರದ ಬದಿಗೆ ಮಾತ್ರ ಅದು ಅಂದುಕೊಂಡವರೇ ಜಾಸ್ತಿ. ಉಪ್ಪುನೀರು ಏರುವ ನದಿ, ತೋಡಿಗೂ ಅನ್ವಯಿಸುತ್ತದೆ. ಕಡು ಬೇಸಗೆಯಲ್ಲಿ ಒಂದು ಲೀಟರಿಗೆ ಸುಮಾರು 5 ಗ್ರಾಂ ಉಪ್ಪಿನಂಶ ಸಿಗುವವರೆಗೆ ಅಂತ ಲೆಕ್ಕ. ತೋಡು 50 ಮೀಟರಿಗಿಂತ ಕಿರಿದಾಗಿದ್ದರೆ ಅದರ ಅಗಲದಷ್ಟೇ ಬಿಟ್ಟರೆ ಸಾಕು. ಸ್ವರ್ಣಾ ಅಲ್ಲಿ ಅಗಲ ಇದೆ, ಹಾಗಾಗಿ ಪೂರಾ 50.

ಈಗ ನಾನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಸರ್ವೆ ನಂಬರ್ ಕೇಳುತ್ತೇನೆ. ಝೋನಿಂಗ್ ನೋಡಿ, ಸಿಆರ್‌ಝಡ್ ಶೀಟ್ ನೋಡಿ, ಆಮೇಲೆ ಪೆನ್ಸಿಲ್. ಹಳೇ ಮನೆ ಇದ್ದರೆ ಅಳತೆ, ಫೋಟೋ, ತೆರಿಗೆ ರಶೀದಿ, ಕರೆಂಟ್ ಬಿಲ್ ಎಲ್ಲ ಫೈಲಿಗೆ ಬರುವವರೆಗೆ ಒಂದು ಹಂಚೂ ಇಳಿಸಬಾರದು ಅಂತ ಗಟ್ಟಿಯಾಗಿ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ನನ್ನ ಸಿಟ್ಟು ಬೇರೆ. ಜಾಗ ಕೊಳ್ಳುವವರು ನೋಡುವುದು ಪಹಣಿ. ಬ್ಯಾಂಕಿನ ಸಾಲ ಅದರ 11ನೇ ಕಾಲಂನಲ್ಲಿ ಬರುತ್ತದೆ. ಈ ಗೆರೆ ಸರ್ವೆ ನಂಬರ್ ಸಮೇತ ಸರ್ಕಾರದ ನಕ್ಷೆಯಲ್ಲೇ ಇದೆ, ಅದನ್ನೂ ಅಲ್ಲೇ ಒಂದು ಸಾಲು ಬರೆದರೆ ನೋಂದಣಿಗೆ ಹೋಗುವ ಮೊದಲೇ ಕೊಳ್ಳುವವರ ಕಣ್ಣಿಗೆ ಬೀಳುತ್ತದೆ.