ಕೆಂಪು ಮಣ್ಣಿನ ಊರಿಗೆ ಯಾವ ಕಾರ್ಪೆಟ್ ಬ್ರಷ್ ಮೆಷಿನ್?

ಕಾಸರಗೋಡಿನ ಕಡೆ ಕಾರ್ಪೆಟ್ ತೊಳೆಯುವ ಕೆಲಸಕ್ಕೆ ಇಳಿಯುವವರು ಹೆಚ್ಚಾಗಿ ಮೊದಲು ಕೊಳ್ಳುವುದು ನೆಲ ಉಜ್ಜುವ ಸಿಂಗಲ್ ಡಿಸ್ಕ್ ಮೆಷಿನ್. ಟೈಲ್ಸಿಗೂ ಆಗುತ್ತದೆ, ಗ್ರಾನೈಟಿಗೂ ಆಗುತ್ತದೆ, ಕಾರ್ಪೆಟಿಗೂ ಆಗುತ್ತದೆ ಎಂಬ ಲೆಕ್ಕ. ಆ ಮೆಷಿನ್ ಕೆಟ್ಟದ್ದಲ್ಲ, ಕೊಳ್ಳುವ ಕ್ರಮ ತಪ್ಪು. ಕಾರ್ಪೆಟೇ ಮುಖ್ಯ ಕೆಲಸ ಅಂತಾದರೆ ಮೊದಲ ದುಡ್ಡು ಹೋಗಬೇಕಾದ್ದು ಎರಡು ರೋಲರ್ ಬ್ರಷ್ ಒಂದಕ್ಕೊಂದು ವಿರುದ್ಧವಾಗಿ ತಿರುಗುವ ಮೆಷಿನಿಗೆ. ಕಸುಬಿನವರು ಸಿಆರ್‌ಬಿ ಅನ್ನುವುದು ಇದನ್ನೇ. ಇದು ಮೊದಲು ಬೇಕು ಅನ್ನುವುದಕ್ಕೆ ಕಾರಣ ನಮ್ಮ ಮಣ್ಣಿನಲ್ಲೇ ಉಂಟು.

ಮುರಕಲ್ಲಿನ (ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿನ) ಧೂಳು ನುಣ್ಣಗಿನದು, ಅದರ ಕೆಂಪು ಕಬ್ಬಿಣದ ತುಕ್ಕಿನ ಕೆಂಪು. ಒಣಗಿದ್ದಾಗ ಅದು ನೂಲಿನ ಬುಡದಲ್ಲಿ ಸುಮ್ಮನೆ ಕುಳಿತಿರುತ್ತದೆ, ಎಬ್ಬಿಸಿದರೆ ಎದ್ದು ಬರುತ್ತದೆ. ಅದರ ಮೇಲೆ ನೀರು ಬಿದ್ದರೆ ಕೆಸರಾಗಿ ಬುಡಕ್ಕೆ ಇಳಿದು ಹಿಡಿದುಕೊಳ್ಳುತ್ತದೆ. ಆಮೇಲೆ ಎಷ್ಟು ಶಾಂಪೂ ಸುರಿದರೂ ನೊರೆ ಕೆಂಪಾಗುತ್ತದೆಯೇ ಹೊರತು ಕಾರ್ಪೆಟ್ ಬೆಳಗುವುದಿಲ್ಲ. ಮಸೀದಿಯ ಬಾಗಿಲ ಬಳಿಯ ಮೊದಲ ಎರಡು ಮೂರು ಹೆಜ್ಜೆಯ ಜಾಗ ನೋಡಿ: ವುಳೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು) ಮಾಡಿದ ಒದ್ದೆ ಕಾಲು ದಿನಕ್ಕೆ ಐದು ಹೊತ್ತು ಅಲ್ಲೇ ಒತ್ತುತ್ತದೆ. ಆ ಜಾಗ ಉಳಿದ ಕಡೆಗಿಂತ ಗಟ್ಟಿಯಾಗಿ ಚಪ್ಪಟೆಯಾಗಿರುತ್ತದೆ. ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಅಂಗಳದ ಅಡಿಕೆಯ ಹುಡಿಯೂ ನಾರೂ ಇದಕ್ಕೆ ಸೇರುತ್ತವೆ.

ಆದ್ದರಿಂದ ಉಜ್ಜುವ ಮೆಷಿನಿನ ಮೊದಲ ಕೆಲಸ ಒಣ ಕೆಲಸ. ಸಿಆರ್‌ಬಿಯ ರೋಲರುಗಳು ನೂಲನ್ನು ಎರಡೂ ಬದಿಯಿಂದ ಬಾಚಿ ನಿಲ್ಲಿಸುತ್ತವೆ, ಬುಡದಲ್ಲಿದ್ದದ್ದು ಮೇಲೆ ಬರುತ್ತದೆ, ಉರುಟಾದದ್ದು ಎರಡು ಪಕ್ಕದ ಟ್ರೇಗೆ ಬೀಳುತ್ತದೆ. ವ್ಯಾಕ್ಯೂಮ್ ಮಾಡಿ ಮುಗಿಸಿದ ಹಾಲಿನಲ್ಲೇ ಒಂದು ಸುತ್ತು ಓಡಿಸಿ ಟ್ರೇ ತೆಗೆದು ನೋಡಿ. ಕೂದಲಿನ ಉಂಡೆ, ತಲೆವಸ್ತ್ರದ ನೂಲು, ಅಕ್ಕಿ ಕಾಳು, ಟ್ರೇಯ ತಳಕ್ಕೆ ಮೆತ್ತಿದ ಕೆಂಪು ಹುಡಿ. ಗಿರಾಕಿಗೆ ಆ ಟ್ರೇ ತೋರಿಸಿ, ಬೇರೆ ವಿವರಣೆ ಬೇಡ. ಸಿಂಗಲ್ ಡಿಸ್ಕ್ ಈ ಕೆಲಸ ಮಾಡಲಾರದು. ಅದು ನೂಲನ್ನು ಅಡ್ಡ ಮಲಗಿಸಿ ಮೇಲ್ಮೈಯನ್ನಷ್ಟೇ ತಿಕ್ಕುತ್ತದೆ.

ಕೆಲಸದ ಸಾಲು ಹೀಗಿರಲಿ. ಒಣ ಬ್ರಷ್, ಅದರ ಬೆನ್ನಿಗೆ ನಿಧಾನವಾಗಿ ವ್ಯಾಕ್ಯೂಮ್. ನಂತರ ಪ್ರೀ-ಸ್ಪ್ರೇ, ಅಂದರೆ ಕೊಳೆ ಸಡಿಲಿಸಲು ಉಜ್ಜುವ ಮೊದಲು ಸಿಂಪಡಿಸುವ ಮದ್ದು, 100 ಚದರಡಿಗೆ 1ರಿಂದ 1.5 ಲೀಟರ್ ಬೆರೆಸಿದ ದ್ರಾವಣ. ಹತ್ತು ನಿಮಿಷ ಬಿಡಿ, ಆ ಹತ್ತು ನಿಮಿಷ ಫ್ಯಾನ್ ಆಫ್ ಇರಲಿ. ಏಪ್ರಿಲ್-ಮೇ ಸೆಕೆಗೆ ಫ್ಯಾನ್ ತಿರುಗುತ್ತಿದ್ದರೆ ಸ್ಪ್ರೇ ಕೆಲಸ ಮಾಡುವ ಮೊದಲೇ ಒಣಗಿಬಿಡುತ್ತದೆ. ಆಮೇಲೆ ಒದ್ದೆ ಬ್ರಷ್, ಉದ್ದಕ್ಕೆ ಒಮ್ಮೆ ಹೋಗಿ ಬಂದು ಅಡ್ಡಕ್ಕೆ ಇನ್ನೊಮ್ಮೆ. ಕೊನೆಗೆ ನೀರು ಹಾಕಿ ಎಳೆಯುವ ಎಕ್ಸ್‌ಟ್ರಾಕ್ಷನ್, ಇಲ್ಲವಾದರೆ ಒಣಗಲು ಬಿಟ್ಟು ಮರುದಿನ ವ್ಯಾಕ್ಯೂಮ್. ಈ ಎರಡನೆಯ ದಾರಿಗೆ ಒಣಗಿದಾಗ ಹರಳಾಗಿ ಉದುರುವ ಎನ್‌ಕ್ಯಾಪ್ಸುಲೇಷನ್ ದ್ರಾವಣವೇ ಬೇಕು. ಬಟ್ಟೆ ಒಗೆಯುವ ಪುಡಿಯ ಅಂಟು ನೂಲಲ್ಲೇ ಉಳಿಯುತ್ತದೆ, ಎರಡೇ ವಾರದಲ್ಲಿ ಮೊದಲಿಗಿಂತ ಕಪ್ಪಾಗುತ್ತದೆ. ಒಣ ಕೆಲಸಕ್ಕೊಂದು, ಒದ್ದೆ ಕೆಲಸಕ್ಕೊಂದು, ಹೀಗೆ ಎರಡು ಜೊತೆ ಬ್ರಷ್ ಇಟ್ಟುಕೊಳ್ಳಿ. ಒದ್ದೆ ಬ್ರಷ್ ಒಣ ಧೂಳಿಗೆ ತಾಗಿದರೆ ಕೆಸರು ಬಳಿದಂತಾಗುತ್ತದೆ.

ಬ್ರಷ್ ಆರಿಸುವಾಗ ಬಣ್ಣ ನೋಡಿ ಮೋಸ ಹೋಗಬೇಡಿ. ಒಂದು ಕಂಪನಿಯ ಬಿಳಿ ಮೆದು, ಇನ್ನೊಂದರ ಬಿಳಿ ಗಡಸು. ಕೇಳಬೇಕಾದ್ದು ಎಳೆಯ ದಪ್ಪ ಮತ್ತು ವಸ್ತು. ನೈಲಾನ್ ಎಳೆ ನೀರು ಹೀರಿ ಸ್ವಲ್ಪ ಮೆದುವಾಗುತ್ತದೆ, ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ಪಾಲಿಪ್ರೊಪಿಲೀನ್ ಎಳೆ ನೀರು ಹೀರುವುದಿಲ್ಲ, ಗಡಸಾಗಿಯೇ ಇರುತ್ತದೆ, ಒಮ್ಮೆ ಬಾಗಿದರೆ ಬಾಗಿದಂತೆಯೇ. ಮೊದಲ ಜೊತೆಗೆ ನಾನು ಹೇಳುವುದು ಮಧ್ಯಮ ದಪ್ಪದ ನೈಲಾನ್.

ಬ್ರಷ್ ಎತ್ತರ ಸರಿ ಇದೆಯೇ ಎಂದು ಅಂದಾಜಿನಲ್ಲಿ ಹೇಳಬೇಡಿ. ಸಮತಟ್ಟು ಟೈಲ್ಸಿನ ಮೇಲೆ ಸ್ವಲ್ಪ ಹಿಟ್ಟೋ ಸೀಮೆಸುಣ್ಣದ ಹುಡಿಯೋ ತೆಳ್ಳಗೆ ಹರಡಿ, ಮೆಷಿನನ್ನು ಅಲುಗಿಸದೆ ಐದು ಸೆಕೆಂಡ್ ಓಡಿಸಿ, ಎತ್ತಿ ನೋಡಿ. ಎರಡು ಪಟ್ಟಿ ಕಾಣಬೇಕು, ತುದಿಯಿಂದ ತುದಿಗೆ ಒಂದೇ ಅಗಲ. ಒಂದು ತುದಿ ಅಗಲ, ಇನ್ನೊಂದು ಸಪೂರ ಬಂದರೆ ಬ್ರಷ್ ಓರೆಯಾಗಿ ಸವೆದಿದೆ ಅಥವಾ ಹೋಲ್ಡರ್ ಬಾಗಿದೆ. ಹಳೆಯ ಮೆಷಿನ್ ಕೊಳ್ಳುವಾಗ ಈ ಪರೀಕ್ಷೆ ಮಾಡದೆ ದುಡ್ಡು ಕೊಡಲೇಬೇಡಿ.

ಹಳೆಯ ಮೆಷಿನ್ ಅಂದಕೂಡಲೇ ಗಲ್ಫ್ ಮಾತು ಬರುತ್ತದೆ. ಅಲ್ಲಿ ಕ್ಲೀನಿಂಗ್ ಕಂಪನಿಯಲ್ಲಿ ದುಡಿದು ಬಂದವರು ಮೆಷಿನನ್ನೂ ಕಾರ್ಗೋದಲ್ಲಿ ತರಿಸುವುದುಂಟು. ದುಬೈ, ಕತಾರ್, ಕುವೈತ್, ಒಮಾನ್ ಕಡೆಯ ಕರೆಂಟು ನಮ್ಮದರಂತೆ 50 ಹರ್ಟ್ಸ್, ವೋಲ್ಟೇಜೂ ನಮ್ಮದಕ್ಕೆ ಹೊಂದುತ್ತದೆ. ಸೌದಿಯದ್ದು 60 ಹರ್ಟ್ಸ್. ಬರೇ 60 ಹರ್ಟ್ಸ್‌ನ ಇಂಡಕ್ಷನ್ ಮೋಟಾರು ಇಲ್ಲಿ ಆರರಲ್ಲೊಂದು ಪಾಲು ನಿಧಾನ ತಿರುಗುತ್ತದೆ, ಹೆಚ್ಚು ಬಿಸಿಯಾಗುತ್ತದೆ, ದೊಡ್ಡ ಹಾಲಿನ ನಡುವೆ ಕೈಕೊಡುತ್ತದೆ. ಮೋಟಾರಿನ ತಗಡಿನಲ್ಲಿ 50/60 ಎಂದು ಬರೆದಿದ್ದರೆ ತೊಂದರೆಯಿಲ್ಲ. ಅಲ್ಲಿನ ಚೌಕ ಮೂರು ಪಿನ್ನಿನ ಪ್ಲಗ್ಗಿನೊಳಗೆ ಫ್ಯೂಸ್ ಇರುತ್ತದೆ. ಆ ಪ್ಲಗ್ಗನ್ನು ಕತ್ತರಿಸಿ ನಮ್ಮ ಪ್ಲಗ್ ಹಾಕುವಾಗ ಅರ್ತ್ ವೈರನ್ನು ಬಿಡಬಾರದು, ಒದ್ದೆ ಕಾರ್ಪೆಟಿನ ಮೇಲೆ ನಿಂತು ಮಾಡುವ ಕೆಲಸ ಇದು. ಸರ್ಕ್ಯೂಟಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದ ಹಳೆಯ ಕಟ್ಟಡವಾದರೆ ನಿಮ್ಮದೇ ಒಂದು ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇರಲಿ.

ಎಕ್ಸ್‌ಟೆನ್ಷನ್ ವೈರಿನ ವಿಷಯ ಜನ ಸಸಾರ ಮಾಡುತ್ತಾರೆ. ಒಂದೂವರೆ ಎಚ್‌ಪಿಯ ಸಿಂಗಲ್ ಡಿಸ್ಕ್ ಓಡುವಾಗ 7-8 ಆಂಪಿಯರ್ ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಅದರ ನಾಲ್ಕೈದು ಪಟ್ಟು. 30 ಮೀಟರ್ ಉದ್ದದ 0.75 ಚದರ ಮಿ.ಮೀ. ವೈರಿನಲ್ಲಿ ಓಡುವಾಗಲೇ ಸುಮಾರು 12 ವೋಲ್ಟ್ ಸೋರುತ್ತದೆ, ಸ್ಟಾರ್ಟಿಂಗಿನಲ್ಲಿ 50-60 ವೋಲ್ಟ್. ಸಂಜೆ ವೋಲ್ಟೇಜ್ ಮೊದಲೇ ಇಳಿದಿದ್ದರೆ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ವೈಂಡಿಂಗ್ ಸುಡುತ್ತದೆ. ಅದೇ ಉದ್ದಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರಾದರೆ ಓಡುವಾಗ ಸೋರುವುದು 4 ವೋಲ್ಟಿಗಿಂತ ಕಡಿಮೆ. ಸುತ್ತಿದ ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಓಡಿಸಿ. ಟಿವಿಯ ಸಾಕೆಟಿಗೆ ಚುಚ್ಚಬೇಡಿ, ಪವರ್ ಪ್ಲಗ್ ಎಲ್ಲಿದೆ ಎಂದು ಕೆಲಸ ಒಪ್ಪಿಕೊಳ್ಳುವಾಗಲೇ ನೋಡಿಕೊಳ್ಳಿ.

ಸಿಂಗಲ್ ಡಿಸ್ಕ್ ಬೇಡವೇ ಬೇಡ ಎಂದಲ್ಲ. ಎರಡನೆಯದಾಗಿ ಕೊಳ್ಳಿ. ಆಡಿಟೋರಿಯಂ, ಆಫೀಸುಗಳ ಗಿಡ್ಡ ನೂಲಿನ, ಬಿಗಿ ಸುರುಳಿಯ ಕಾರ್ಪೆಟಿಗೆ ಹತ್ತಿ ಅಥವಾ ಮೈಕ್ರೋಫೈಬರ್ ಬಾನೆಟ್ (ಡಿಸ್ಕಿನ ಅಡಿಗೆ ಸಿಗಿಸುವ ದುಂಡು ಪ್ಯಾಡ್) ಹಾಕಿ ಓಡಿಸಿದರೆ ಬೇಗ ಸಾಗುತ್ತದೆ. ನಿಮಿಷಕ್ಕೆ 150ರಿಂದ 175 ಸುತ್ತಿನದ್ದೇ ಆಗಬೇಕು. 1500 ಸುತ್ತಿನ ಪಾಲಿಶ್ ಮೆಷಿನ್ ಕಾರ್ಪೆಟಿನ ಮೇಲೆ ಇಡಲೇಬಾರದು. ಹ್ಯಾಂಡಲ್ ಸ್ವಲ್ಪ ಎತ್ತಿದರೆ ಬಲಕ್ಕೆ, ತಗ್ಗಿಸಿದರೆ ಎಡಕ್ಕೆ ಹೋಗುತ್ತದೆ, ಇದು ಕೈಗೆ ಹತ್ತಲು ನಾಲ್ಕೈದು ದಿನ ಬೇಕು. ಕಲಿಯುವ ಹುಡುಗರನ್ನು ಮೊದಲು ಬರೇ ಟೈಲ್ಸಿನ ಮೇಲೆ ಬಿಡಿ. ಬಾನೆಟ್ ಅನ್ನು 100-150 ಚದರಡಿಗೊಮ್ಮೆ ಮಗುಚಿ, ಇಲ್ಲದಿದ್ದರೆ ಕೊಳೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ ಹಾಗೆ. ನಮ್ಮ ಮಸೀದಿ ಕಾರ್ಪೆಟ್‌ಗಳಲ್ಲಿ ಪಾಲಿಪ್ರೊಪಿಲೀನ್‌ನದ್ದೂ ಉಂಟು, ಅದು ಸುಮಾರು 165 ಡಿಗ್ರಿಗೇ ಕರಗುವ ನೂಲು. ಒಣಗಿದ ಪ್ಯಾಡ್ ಒಂದೇ ಜಾಗದಲ್ಲಿ ತಿರುಗಿದರೆ ತಿಕ್ಕಾಟದ ಬಿಸಿಗೆ ನೂಲಿನ ತುದಿ ಕರಗಿ ಹೊಳೆಯುವ ಕಲೆಯಾಗುತ್ತದೆ. ಅದನ್ನು ತೆಗೆಯಲು ಯಾವ ಮದ್ದೂ ಇಲ್ಲ.

ನೂಲು ಯಾವುದೆಂದು ತಿಳಿಯಲು ಮೂಲೆಯಿಂದ ಒಂದೆರಡು ಎಳೆ ಕಿತ್ತು ನೀರಿನ ಲೋಟಕ್ಕೆ ಹಾಕಿ, ಬೆರಳಲ್ಲಿ ಒತ್ತಿ ಗಾಳಿ ಬಿಡಿಸಿ. ತೇಲಿದರೆ ಪಾಲಿಪ್ರೊಪಿಲೀನ್. ಇನ್ನೊಂದು ಎಳೆಯನ್ನು ಹೊರಗೆ ಹೋಗಿ ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಹುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್, ಕಾಗದದಂತೆ ಉರಿದರೆ ವಿಸ್ಕೋಸ್ ಅಥವಾ ಹತ್ತಿ. ವಿಸ್ಕೋಸಿನ ಮೇಲೆ ಯಾವ ಮೆಷಿನೂ ಬೇಡ. ಒದ್ದೆಯಾದಾಗ ಅದರ ಬಲ ಕುಸಿಯುತ್ತದೆ, ಉಜ್ಜಿದರೆ ನೂಲು ಚದರಿ ಹೊಳಪು ಹೋಗುತ್ತದೆ. ಉಣ್ಣೆಗೆ ಮೆದು ಬ್ರಷ್, ಪಿಎಚ್ 5.5ರಿಂದ 8.5ರ ಒಳಗಿನ ದ್ರಾವಣ, ಒಂದೇ ಸುತ್ತು. ಕ್ಷಾರ, ಬಿಸಿ, ತಿಕ್ಕಾಟ ಮೂರೂ ಸೇರಿದರೆ ಉಣ್ಣೆ ಕಂಬಳಿಯಂತೆ ಗಂಟುಕಟ್ಟುತ್ತದೆ. ಗಲ್ಫಿನಿಂದ ತಂದ ಕೈನೇಯ್ಗೆಯ ಕಾರ್ಪೆಟಿನ ಕುಚ್ಚಿನಿಂದ ಒಂದು ಗೇಣು ದೂರವೇ ಮೆಷಿನ್ ನಿಲ್ಲಿಸಿ, ರೋಲರಿಗೆ ಸಿಕ್ಕಿದರೆ ಬುಡಸಮೇತ ಕಿತ್ತು ಬರುತ್ತದೆ. ಉದ್ದ ನೂಲಿನ ಶ್ಯಾಗ್ ಕೂಡ ರೋಲರಿಗೆ ಸುತ್ತಿಕೊಳ್ಳುತ್ತದೆ, ಅದಕ್ಕೆ ಕೈಯ ಬಾಚಣಿಗೆಯೇ ಸರಿ. ತೆಂಗಿನ ನಾರಿನ ಚಾಪೆಗೆ ನೀರೇ ತಾಗಿಸಬೇಡಿ, ಕಂದು ಬಣ್ಣ ಬಿಡುತ್ತದೆ.

ಸಮಯದ ಲೆಕ್ಕವನ್ನೂ ಕೊಳ್ಳುವ ಮೊದಲೇ ಹಾಕಿ. 40 ಸೆಂ.ಮೀ. ಬ್ರಷ್, ಪಟ್ಟಿ ಮೇಲೆ ಪಟ್ಟಿ ಬರುವಂತೆ ಓಡಿಸಿದರೆ ನಿಜಕ್ಕೂ ಸಿಗುವುದು 30. ನಿಮಿಷಕ್ಕೆ 20 ಮೀಟರ್ ನಡೆದರೆ 6 ಚದರ ಮೀಟರ್, ಅಂದರೆ ಸುಮಾರು 65 ಚದರಡಿ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಸಲ ಹೋದರೆ ಗಂಟೆಗೆ ಸಾವಿರ ಚದರಡಿಯೂ ಮುಟ್ಟುವುದಿಲ್ಲ. 3000 ಚದರಡಿಯ ಮಸೀದಿಯಲ್ಲಿ ರಾತ್ರಿಯ ಇಶಾ ನಮಾಜು ಮುಗಿದ ಮೇಲೆ ಶುರು ಮಾಡಿ ಬೆಳಗಿನ ಜಾವದ ಸುಬಹಿಯ ಬಾಂಗಿಗೆ ಒಣಗಿಸಿ ಕೊಡಬೇಕಾದರೆ ಒಂದು ಸಿಆರ್‌ಬಿ ಸಾಲದು, ಅರ್ಧರ್ಧ ಮಾಡಿ ಎರಡು ರಾತ್ರಿ ಕೇಳಿಕೊಳ್ಳಿ. ಜೂನ್, ಜುಲೈಯಲ್ಲಿ ಒಣಗುವ ಹೊತ್ತು ದುಪ್ಪಟ್ಟು ಎಂದೇ ಹಿಡಿದುಕೊಂಡು ಎಕ್ಸ್‌ಟ್ರಾಕ್ಷನ್ ಬಿಟ್ಟು ಕಡಿಮೆ ನೀರಿನ ದಾರಿ ಹಿಡಿಯಿರಿ. ಅಡಿಯಲ್ಲಿ ಸೆಣಬಿದ್ದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಯಾವ ಮೆಷಿನೂ ಗೋಡೆಯ ಅಂಚಿನ ನಾಲ್ಕು ಬೆರಳು ಜಾಗವನ್ನು, ಕಂಬದ ಬುಡವನ್ನು ಮುಟ್ಟುವುದಿಲ್ಲ. ಅಲ್ಲಿಗೆ ಕೈಬ್ರಷ್ ಬೇಕೇ ಬೇಕು, ಮೆಟ್ಟಿಲಿಗೂ ಅದೇ.

ಕೆಲಸ ಮುಗಿದ ಮೇಲೆ ರೋಲರ್ ಕಳಚಿ ತುದಿಯ ಬೇರಿಂಗ್ ಹತ್ತಿರ ಸುತ್ತಿದ ಕೂದಲನ್ನು ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಬೆಲ್ಟ್ ಬಿಸಿಯಾಗಿ ತುಂಡಾಗುವುದಕ್ಕೆ ಮೊದಲ ಕಾರಣ ಈ ಕೂದಲೇ. ಒಂದು ಹೆಚ್ಚಿನ ಬೆಲ್ಟ್ ವ್ಯಾನಿನಲ್ಲಿರಲಿ. ಮೆಷಿನನ್ನು ಬ್ರಷ್ ಮೇಲೆ ನಿಲ್ಲಿಸಿ ರಾತ್ರಿ ಬಿಡಬೇಡಿ, ಒಂದೇ ಬದಿಗೆ ಎಳೆ ಬಾಗಿ ಮರುದಿನ ಇಡೀ ಹಾಲಿನಲ್ಲಿ ಗಡಗಡ ಹಾರುತ್ತದೆ. ಸಾಗಿಸುವ ಚಕ್ರ ಇಳಿಸಿ ನಿಲ್ಲಿಸಿ, ಬ್ರಷ್‌ಗಳನ್ನು ತೊಳೆದು ತೂಗಹಾಕಿ.